ಬ್ಯಾಟರಿ ವೈರು ಕೀಳುತ್ತಿದ್ದ ಸಾಹೇಬರು

ಹೋದ ತಿಂಗಳು ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಒಂದು ಮನೆಯ ಮುಂದೆ ಶಾಮಿಯಾನ ಹಾಕಿ ಕುರ್ಚಿ ಇಟ್ಟಿದ್ದರು. ನಮ್ಮ ನೀರಾವರಿ ಇಲಾಖೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದ ಸಾಹೇಬರು ತೀರಿಹೋಗಿ ಅವತ್ತಿಗೆ ಐದು ದಿನ. ಹಳೆಯ ನೌಕರರು ಒಬ್ಬೊಬ್ಬರೇ ಎದ್ದು ನಾಲ್ಕು ಮಾತಾಡಿದರು. ಮೋಟರಿನ ಡಾಕ್ಟರು ಅಂದರು ಒಬ್ಬರು. ಬರೀ ಕಿವಿಯಿಂದ ಮಷೀನಿನ ರೋಗ ಹೇಳುತ್ತಿದ್ದರು ಅಂದರು ಇನ್ನೊಬ್ಬರು. ನನ್ನ ಪಾಳಿ ಬಂದಾಗ ಗಂಟಲಿಗೆ ಕೈ ಹಚ್ಚಿ, ಆಗೋದಿಲ್ಲ ಅಂತ ಸನ್ನೆ ಮಾಡಿ ಕೂತುಬಿಟ್ಟೆ. ಗಂಟಲಿಗೆ ಏನೂ ಆಗಿರಲಿಲ್ಲ.

ಹೋದವರನ್ನು ಆಡಿಕೊಳ್ಳಬಾರದು ಅಂತ ಆಟೋದಲ್ಲಿ ಮನೆ ಮುಟ್ಟುವತನಕ ನಮ್ಮ ಯಜಮಾನರು ಹೇಳಿದರು. ಆಡಿಕೊಳ್ಳುತ್ತಿಲ್ಲ. ಹದಿಮೂರು ವರ್ಷ ಕಣ್ಣಿಂದ ನೋಡಿದ್ದನ್ನು ಬರೆದಿಡುತ್ತಿದ್ದೇನೆ, ಅಷ್ಟೇ. ಹೆಸರು ಹಾಕುವುದಿಲ್ಲ. ಅವರ ಸೊಸೆ ಒಳ್ಳೆಯ ಹೆಣ್ಣುಮಗಳು. ಅಷ್ಟು ಜನರ ನಡುವೆಯೂ ನನ್ನ ಕಪ್ಪಿಗೆ ಸಕ್ಕರೆ ಕಮ್ಮಿ ಹಾಕಿಸಿದ್ದಳು.

ನಾನಾಗ ಕಮಲಾಪುರದ ನಮ್ಮ ಉಪವಿಭಾಗದ ಕಚೇರಿಯಲ್ಲಿ ಉಗ್ರಾಣದ ಗುಮಾಸ್ತೆ. ಬೆಳಿಗ್ಗೆ ಕಲಬುರಗಿಯಿಂದ ಬಸ್ಸು, ಸಂಜೆ ಮತ್ತೆ ಬಸ್ಸು. ಡಬ್ಬಿಯಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಕಚೇರಿಯಲ್ಲಿ ನಟ್ಟು ಬಿಚ್ಚುವ ಪಾನಾ ಎಷ್ಟು ಇವೆ, ಎಷ್ಟು ಹಗ್ಗ ಬಂತು, ಯಾವ ಬಲ್ಬು ಯಾವತ್ತು ಸುಟ್ಟಿತು ಎಲ್ಲವೂ ನನ್ನ ಪುಸ್ತಕದಲ್ಲಿ. ಮೋಟರು ಪಂಪು ಕೆಟ್ಟರೆ ಕಲಬುರಗಿಯ ವರ್ಕ್‌ಶಾಪಿಗೆ ಚೀಟಿ ಹೋಗುತ್ತಿತ್ತು. ಅಲ್ಲಿಂದ ಸಾಹೇಬರು ಜೀಪಿನಲ್ಲಿ ಬರುತ್ತಿದ್ದರು.

ಬರುವಾಗಲೇ ಮದುವೆಗೆ ಬಂದ ಬೀಗರ ಗತ್ತು. ಬೂದು ಬಣ್ಣದ ಸಫಾರಿ, ಪಾಲಿಶ್ ಮಾಡಿದ ಬೂಟು, ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಟೆಸ್ಟರ್. ಅದರ ತುದಿಗೆ ಒಂದು ಗೆರೆ ಬಿದ್ದದ್ದನ್ನು ನಾನು ಯಾವತ್ತೂ ನೋಡಲಿಲ್ಲ. ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿ ಕೂಡುವುದು, ಬಸಿಯಲ್ಲಿ ಚಹಾ ಆರಿಸಿ ಕುಡಿಯುವುದು, ಆಮೇಲೆ "ಬಾಯಿ, ನಮ್ಮ ಹಣ್ಣು ಹೇಳೀರೇನ್ರಿ?" ಅಂತ ಕೇಳುವುದು. ಬಾಯಿ ಅಂದರೆ ನಾನು; ನಮ್ಮ ಹಣ್ಣು ಅಂದರೆ ಕಮಲಾಪುರದ ಕೆಂಪು ಬಾಳೆಹಣ್ಣು. ಒಂದು ಚಿಪ್ಪು ಜೀಪಿನ ಹಿಂದಿನ ಸೀಟಿನ ಮೇಲೆ ಕೂತ ಮೇಲೆಯೇ ಸಾಹೇಬರು ಮಷೀನಿನ ಕಡೆ ನಡೆಯುತ್ತಿದ್ದರು.

ನಡೆದು ಹೋದರೂ ಹತ್ತಿರ ಹೋಗುತ್ತಿರಲಿಲ್ಲ. ಹತ್ತು ಹೆಜ್ಜೆ ದೂರ ನಿಂತು, ಕಣ್ಣು ಮುಚ್ಚಿ, ತಲೆಯನ್ನು ಒಂದು ಕಡೆ ವಾಲಿಸಿ ಕೇಳುತ್ತಿದ್ದರು. ಆಗ ಯಾರೂ ಕೆಮ್ಮಬಾರದು. ಸಂಗೀತ ಕಛೇರಿಯಲ್ಲಿ ಮುಂದಿನ ಸಾಲಿನಲ್ಲಿ ಕೂತವರೂ ಅಷ್ಟು ತಲೆ ತೂಗುವುದಿಲ್ಲ. ಒಂದು ಸಲ ನೀರಿನ ಪಂಪು ಕೆಟ್ಟಿದೆ ಅಂತ ಕರೆಸಿದ್ದೆವು. ಪಂಪಿನ ಕೋಣೆಯ ಮುಂದೆ ಕಣ್ಣು ಮುಚ್ಚಿ ನಿಂತರು. ಬಹಳ ಹೊತ್ತಿನ ಮೇಲೆ, ಬೇರಿಂಗ್ ಹೋಗ್ಯಾವ, ಎರಡೂ ಹೋಗ್ಯಾವ, ಬರ್ಕೋರಿ ಅಂದರು. ನಾನು ಬರೆದುಕೊಂಡೆ. ಪಂಪು ನಿಂತುಹೋಗಿ ಎರಡು ದಿನವಾಗಿತ್ತು. ಅವರ ಕಿವಿಗೆ ಬಿದ್ದದ್ದು ಗೋಡೆಯಾಚೆಯ ಹಿಟ್ಟಿನ ಗಿರಣಿಯ ಸಪ್ಪಳ. ಜೀಪಿನ ಡ್ರೈವರು ಬೀಡಿ ಹಚ್ಚುವ ನೆವದಲ್ಲಿ ಹಿಂದಿನ ಗಲ್ಲಿಗೆ ಹೋಗಿ ನಕ್ಕು ಬಂದ. ಗಿರಣಿಯವನಿಗೆ ಯಾರೋ ಹೇಳಿದರು. ಅವನು ನಿಜವಾಗಿಯೂ ಬೇರಿಂಗ್ ಬಿಚ್ಚಿಸಿ ನೋಡಿದನಂತೆ, ಏನೂ ಆಗಿರಲಿಲ್ಲ.

ಇಷ್ಟೇ ಆಗಿದ್ದರೆ ನಗುವ ಮಾತಾಗಿ ಉಳಿಯುತ್ತಿತ್ತು. ಇಂಥ ಮನುಷ್ಯರು ಎಲ್ಲ ಕಚೇರಿಯಲ್ಲೂ ಇರುತ್ತಾರೆ, ಹಣ್ಣು ತಿಂದು ಹೋಗುತ್ತಾರೆ. ಆದರೆ ನಮ್ಮಲ್ಲಿ ಒಂದು ಬೋಟಿತ್ತು, ಆ ಬೋಟಿಗೆ ಒಬ್ಬ ಮನುಷ್ಯನಿದ್ದ.

ಕಮಲಾಪುರದಿಂದ ಒಳಗೆ, ಗುಡ್ಡದ ಮಗ್ಗುಲಿಗೆ ನಮ್ಮ ಇಲಾಖೆಯ ಕೆರೆ. ನೀರಿನ ಮಟ್ಟ ಓದಲು, ಆಚೆ ದಡದ ತೂಬಿಗೆ ಗ್ರೀಸು ಹಚ್ಚಲು, ಮಳೆಗಾಲದಲ್ಲಿ ಆಚೆಯ ತಾಂಡಾದ ಬಸುರಿ ಬಾಣಂತಿಯರನ್ನು ಈಚೆ ತರಲು ಒಂದು ಬೋಟು. ಬೋಟಿನ ಹಿಂದೆ ಕಚ್ಚಿ ಕೂಡಿಸಿದ ಹಳೆಯ ಮೋಟರು. ಎಲ್ಲಿಯದೋ ಸಮುದ್ರದ ಕಡೆ ದುಡಿದು ದಣಿದ ಮೇಲೆ ನಮಗೆ ಕಳಿಸಿದ್ದರು. ಹಗ್ಗ ಜಗ್ಗಿದರೂ ಚಾಲೂ ಆಗುತ್ತಿತ್ತು, ಗುಂಡಿ ಒತ್ತಿದರೂ ಆಗುತ್ತಿತ್ತು; ಗುಂಡಿಗೆ ಮತ್ತು ಮುಂದಿನ ದೊಡ್ಡ ದೀಪಕ್ಕೆ ಅಂತ ಒಂದು ಬ್ಯಾಟರಿ. ಮೋಟರು ನಡೆಯುವಾಗ ಆ ಬ್ಯಾಟರಿ ತಾನೇ ಚಾರ್ಜ್ ಆಗುತ್ತಿತ್ತು.

ಬೋಟು ನಡೆಸುವವನನ್ನು ನಾನು ಕಾಕಾ ಅನ್ನುತ್ತಿದ್ದೆ. ಕೆರೆಯ ಬದಿಯ ಊರಿನವನು. ಅವನ ಮನೆಯ ಗೋಡೆಗೆ ಬುದ್ಧನ ಫೋಟೊ, ಅದರ ಕೆಳಗೆ ಏಳನೆಯ ಇಯತ್ತೆಯ ಸರ್ಟಿಫಿಕೇಟು, ಎರಡಕ್ಕೂ ಒಂದೇ ನಮೂನೆಯ ಚೌಕಟ್ಟು. ಹದಿನಾಲ್ಕು ವರ್ಷದಿಂದ ದಿನಗೂಲಿ. ನನಗಿಂತ ಹತ್ತು ವರ್ಷ ದೊಡ್ಡವನು, ನನ್ನನ್ನು ಅಕ್ಕಾರ ಅನ್ನುತ್ತಿದ್ದ. ಆ ವರ್ಷ ಬಹಳ ದಿನ ದುಡಿದ ದಿನಗೂಲಿಯವರನ್ನು ಕಾಯಂ ಮಾಡುವ ಪಟ್ಟಿ ತಯಾರಾಗುತ್ತಿತ್ತು. ನಮ್ಮ ಉಪವಿಭಾಗದಿಂದ ಎಂಟು ಹೆಸರು. ಕಾಕಾನದು ಆರನೆಯದು, ಹುದ್ದೆ: ಮೋಟರ್ ಬೋಟ್ ಚಾಲಕ. ಕಾಯಂ ಆದರೆ ರಜೆ, ದವಾಖಾನಿ ಖರ್ಚು, ಮುಪ್ಪಿನಲ್ಲಿ ಪಿಂಚಣಿ. ಪಟ್ಟಿಯ ಜೊತೆ ಒಂದು ದಾಖಲೆ ಹೋಗಬೇಕಿತ್ತು: ಈ ಮನುಷ್ಯನಿಂದ ಇಲಾಖೆಯ ಯಾವ ಯಂತ್ರಕ್ಕೂ ಹಾನಿಯಾಗಿಲ್ಲ.

ಅದೇ ಬೇಸಿಗೆಯಲ್ಲಿ ಮೋಟರು ಓಡಲು ಶುರುಮಾಡಿತು.

ಓಡಲು ಅಂದರೆ, ಕೈಹಿಡಿ ಪೂರ್ತಿ ಹಿಂದಕ್ಕೆ ತಿರುಗಿಸಿದರೂ ವೇಗ ಇಳಿಯುತ್ತಿರಲಿಲ್ಲ. ದಡ ಬಂತು ಅಂತ ಕಾಕಾ ನಿಧಾನ ಮಾಡಿದರೆ ಬೋಟು ಕೇಳದೆ ಹೋಗಿ ಮೆಟ್ಟಿಲಿಗೆ ಡಿಕ್ಕಿ ಹೊಡೆಯುತ್ತಿತ್ತು. ಅಷ್ಟು ವೇಗಕ್ಕೆ ಕರೆಂಟೂ ಹೆಚ್ಚು ಹುಟ್ಟಿ, ಒಲೆಯ ಮೇಲೆ ಮರೆತ ಹಾಲಿನ ಹಾಗೆ ಬ್ಯಾಟರಿಯ ನೀರು ಉಕ್ಕುತ್ತಿತ್ತು. ದೀಪದ ಬಲ್ಬು ವಾರಕ್ಕೊಂದು ಸುಡುತ್ತಿತ್ತು. ವರ್ಕ್‌ಶಾಪಿಗೆ ಚೀಟಿ ಕಳಿಸಿದೆವು. ಸಾಹೇಬರು ಬಂದರು, ಹಣ್ಣು ಜೀಪಿಗೆ ಹೋಯಿತು.

ಅವರು ಬರುವ ಮುಂಚೆಯೇ ಕಾಕಾ ಅರ್ಧ ರೋಗ ಹಿಡಿದಿದ್ದ. ಒಂದು ದಿನ ಮೋಟರು ಬಹಳ ಕಾದಿದೆ ಅಂತ ಒದ್ದೆ ಅರಿವೆಯಿಂದ ಒರೆಸುತ್ತಿದ್ದನಂತೆ. ಪೆಟ್ರೋಲು ಗಾಳಿ ಕೂಡುವ ಕಾರ್ಬೊರೇಟರಿನ ಬುಡಕ್ಕೆ ಅರಿವೆ ಸುತ್ತಿದ ಕೂಡಲೇ ಮೋಟರು ತಣ್ಣಗೆ, ಮೆತ್ತಗೆ ತಿರುಗಿತು. ಅರಿವೆ ತೆಗೆದರೆ ಮತ್ತೆ ಓಟ. ಬುಡದ ಗ್ಯಾಸ್ಕೆಟ್ ಪಟ್ಟಿ ಹರಿದು ಅಲ್ಲಿಂದ ಗಾಳಿ ನುಗ್ಗುತ್ತಿದೆ ಅಂತ ಅವನ ಅಂದಾಜು. ಇದನ್ನು ಕೈ ಕಟ್ಟಿಕೊಂಡು ಸಾಹೇಬರಿಗೆ ಹೇಳಿದ. ಸಾಹೇಬರು ಡ್ರೈವರನ ಕಡೆ, ನನ್ನ ಕಡೆ, ಸುತ್ತ ನಿಂತ ನಾಲ್ಕು ಜನರ ಕಡೆ ನೋಡಿದರು.

"ಏನಪಾ, ಮೋಟರಿಗೆ ಜ್ವರ ಬಂದಾವೇನು ಒದ್ದಿ ಅರಿವಿ ಹಾಕಾಕತ್ತಿ? ಹಂಗೇ ಜರಾ ಗಂಜಿನೂ ಕುಡಸು."

ಎಲ್ಲರೂ ನಕ್ಕರು. ಕಾಕಾನೂ ನಕ್ಕ. ನಗದಿದ್ದರೆ ಕೆಲಸ ಉಳಿಯುವುದಿಲ್ಲ ಅಂತ ಹದಿನಾಲ್ಕು ವರ್ಷದಲ್ಲಿ ಕಲಿತಿದ್ದ.

ಆಮೇಲೆ ಸಾಹೇಬರು ತಮ್ಮ ವಿದ್ಯೆ ತೋರಿಸಿದರು. ಈ ವಿದ್ಯೆಗಾಗಿಯೇ ಅವರು ವರ್ಕ್‌ಶಾಪಿನಲ್ಲಿ ಹೆಸರುವಾಸಿ. ಮೋಟರು ಚಾಲೂ ಮಾಡಿಸಿ, ಕಾಕಾನ ಕೈಯಿಂದ ಪಾನಾ ಇಸಿದುಕೊಂಡು, ಬ್ಯಾಟರಿಯ ವೈರು ಸಡಿಲಿಸಿ ಟಪ್ಪನೆ ಕಿತ್ತು ಮೇಲೆತ್ತಿ ಹಿಡಿದರು. ಮೋಟರು ನಿಲ್ಲದೆ ತಿರುಗುತ್ತಲೇ ಇತ್ತು. ವೈರಿನ ತುದಿಯನ್ನು ಬ್ಯಾಟರಿಗೆ ಮುಟ್ಟಿಸಿ ತೆಗೆದು ಕಿಡಿ ಹಾರಿಸಿದರು. "ನೋಡ್ರಿ, ಬ್ಯಾಟ್ರಿ ಇಲ್ಲದ ನಡಿಯಾಕತ್ತದ. ಚಾರ್ಜಿಂಗ್ ಫಸ್ಟ್ ಕ್ಲಾಸ್." ಹಳೆಯ ಜೀಪುಗಳ ಡೈನಮೋ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಹೀಗೆ ನೋಡುತ್ತಿದ್ದರಂತೆ. ಅದೊಂದನ್ನು ಹರೆಯದಲ್ಲಿ ಕಲಿತಿದ್ದರು, ಅದರ ಮೇಲೆಯೇ ಇಡೀ ನೌಕರಿ ನಡೆಸಿದರು.

ಒಂದು ಮಾತು ಇಲ್ಲಿ ಹೇಳಬೇಕು. ಕಾಕಾನ ಕೈಯಿಂದ ಪಾನಾ ತೆಗೆದುಕೊಳ್ಳುವಾಗ ನಡುವೆ ಕರ್ಚೀಫು ಬರುತ್ತಿತ್ತು. ಎಣ್ಣೆ ಇರ್ತದ ಅನ್ನುತ್ತಿದ್ದರು. ಡ್ರೈವರನ ಕೈಯಲ್ಲೂ ಎಣ್ಣೆ ಇರುತ್ತಿತ್ತು. ಅವನ ಕೈಯಿಂದ ಬರಿಗೈಯಲ್ಲೇ ಇಸಿದುಕೊಳ್ಳುತ್ತಿದ್ದರು.

ಅವರು ಹೋದ ಮರುದಿನ ಬ್ಯಾಟರಿ ಚಾರ್ಜ್ ಆಗುವುದೇ ನಿಂತಿತು. ರೆಕ್ಟಿಫಾಯರ್ ಸುಟ್ಟಿದೆ ಅಂತ ವರ್ಕ್‌ಶಾಪಿನವರು ಹೇಳಿದರು. ಮೋಟರಿನಲ್ಲಿ ಹುಟ್ಟಿದ ಕರೆಂಟನ್ನು ಬ್ಯಾಟರಿಗೆ ಒಗ್ಗುವ ಹಾಗೆ ಮಾಡಿ ಕೊಡುವ ಸಣ್ಣ ಡಬ್ಬಿ ಅದು, ನಮ್ಮ ಮಸಾಲೆ ಡಬ್ಬಿಯ ಒಂದು ಬಟ್ಟಲಿನಷ್ಟು. ಹೊಸದು ತಂದು ಹಾಕಿಸಿದೆವು. ಮತ್ತೆ ಸಾಹೇಬರು ಪರೀಕ್ಷೆಗೆ ಬಂದರು, ಕಣ್ಣು ಮುಚ್ಚಿದರು, ಕಣ್ಣು ತೆರೆದು ವೈರು ಕಿತ್ತರು. ಅದೂ ಸುಟ್ಟಿತು. ಆಗ ಅವರಿಗೆ ಒಂದು ಕಾರಣ ಹೊಳೆಯಿತು. ಬೋಟಿನವನು ಮೋಟರನ್ನು ಹೊಡೆದು ಓಡಿಸುತ್ತಾನೆ, ಅದಕ್ಕೇ ವೋಲ್ಟೇಜು ಏರಿ ಸಾಮಾನು ಸುಡುತ್ತದೆ. ಅವನನ್ನು ಹಿಡಿಯಲು ಒಂದು ಉಪಾಯವನ್ನೂ ಹೇಳಿದರು. ಬೋಟಿಗೆ ಮೀಟರು ಹಾಕಿಸಿ, ದಿನಾ ಎಷ್ಟು ಹೊತ್ತು ನಡೆಯಿತು, ವೋಲ್ಟೇಜು ಎಷ್ಟು, ಯಾರು ಮುಟ್ಟಿದರು ಎಲ್ಲ ಬರೆದಿಡಬೇಕು. "ಬಾಯಿ, ನೀವೇ ಬರೀರಿ. ನಿಮ್ಮ ಅಕ್ಷರ ಚಂದ ಅವ," ಅಂದರು.

ಇನ್ನೊಂದು ಹೊಸ ರೆಕ್ಟಿಫಾಯರ್ ಹಾಕಿಸಿದ ದಿನದಿಂದ, ಹಿಂದಿನ ತಾರೀಖುಗಳನ್ನೂ ಸೇರಿಸಿ, ಬರೆದೆ. ವಾರಕ್ಕೆ ಎರಡು ಸಲ ಕೆರೆಗೆ ಹೋಗುತ್ತಿದ್ದೆ, ಉಳಿದ ದಿನದ್ದು ಕಾಕಾ ಒಂದು ಚೀಟಿಯಲ್ಲಿ ಗೀಚಿ ಕಳಿಸುತ್ತಿದ್ದ. ಅವನು ಸುಮ್ಮನೆ ಕೂತಿರಲಿಲ್ಲ. ಬ್ಯಾಟರಿಯ ತುದಿಗೆ ಕಟ್ಟಿದ್ದ ಬಿಳಿ ಹಸಿರು ಕಿಲುಬನ್ನು ಕುದಿಯುವ ನೀರು ಹಾಕಿ ತಿಕ್ಕಿ ತೆಗೆದ, ಸಡಿಲಾದ ವೈರು ಬಿಗಿ ಮಾಡಿದ. ಅವತ್ತಿನಿಂದ ಮೀಟರಿನ ಮುಳ್ಳು ಕೆಂಪು ಗೆರೆಯಿಂದ ಈಚೆ ಬಂತು. ಒದ್ದೆ ಅರಿವೆ ಸುತ್ತಿಕೊಂಡೇ ಬೋಟು ನಡೆಸುತ್ತಿದ್ದ. ಯಾರಾದರೂ ಬಂದರೆ ಅರಿವೆ ಬಿಚ್ಚಿ ಸೊಂಟಕ್ಕೆ ಸಿಗಿಸಿಕೊಳ್ಳುತ್ತಿದ್ದ. ಬುಡದ ಪಟ್ಟಿ ಬದಲಿಸಿಬಿಡು ಕಾಕಾ ಅಂದರೆ, "ಬಿಚ್ಚಿದ್ರ ನಾನೇ ಕೆಡಿಸೀನಿ ಅಂತಾರ್ರಿ ಅಕ್ಕಾರ, ಕಾಯಂ ಪಟ್ಟಿದಾಗ ಹೆಸರು ಬರೂತನಾ ಕೈ ಹಚ್ಚಂಗಿಲ್ಲ," ಅಂದ.

ಸಾಹೇಬರು ಮತ್ತೊಮ್ಮೆ ಬಂದು ವೈರು ಕಿತ್ತುಹೋದ ಮೇಲೆ ಆ ಎರಡನೆಯದೂ ಸುಟ್ಟಿತು. ಮೂರನೆಯ ರೆಕ್ಟಿಫಾಯರ್ ತರಲು ನಾನೇ ಹೋದೆ. ಕಲಬುರಗಿಯ ರೋಜಾ ಬಡಾವಣೆಯ ಕಡೆ, ದರ್ಗಾದ ದಾರಿಯಲ್ಲಿ, ಆಟೋಗಳ ವೈರಿಂಗ್ ಮಾಡುವ ಒಬ್ಬ ಮುದುಕರ ಅಂಗಡಿ. ಸಾಮಾನು ಹುಡುಕಿ ಕೊಡುತ್ತ, ಎರಡು ತಿಂಗಳಿಗೆ ಮೂರು ಯಾಕೆ ಬೇಕು ಅಂತ ಕೇಳಿದರು. ಗೊತ್ತಿಲ್ಲ, ಸಾಹೇಬರು ಪರೀಕ್ಷೆ ಮಾಡಿದ ಮೇಲೆಲ್ಲ ಹೋಗುತ್ತದೆ ಅಂದೆ. ಪರೀಕ್ಷೆ ಹೇಗೆ ಮಾಡುತ್ತಾರೆ ಅಂತ ಕೇಳಿದರು. ಹೇಳಿದೆ. ಮುದುಕರು ಕನ್ನಡಕ ತೆಗೆದು ದುಡ್ಡಿನ ಗಲ್ಲೆಯ ಮೇಲಿಟ್ಟರು.

"ಅರೆ ಅಮ್ಮಾ, ಡೈನಮೋ ಅಲಗ್, ಇದು ಅಲಗ್. ಇದರಾಗ ಕರೆಂಟ್ ಹಿಡಿಯೋದೇ ಬ್ಯಾಟ್ರಿ. ಚಾಲೂ ಇದ್ದಾಗ ವೈರ್ ಕಿತ್ತರ ಕರೆಂಟ್ ಎಲ್ಲಿ ಹೋಗಬೇಕ್ರಿ? ಇದರ ತಲಿ ಮ್ಯಾಲ ಬೀಳ್ತದ."

ಕೆಳಗೆ ಪಾತ್ರೆ ಇಡದೆ ಗಂಜಿ ಬಸಿದಂತೆ ಅಂತ ನನಗೆ ಅರ್ಥವಾಯಿತು. ಅಂಥ ಮಿಸ್ತ್ರಿ ಯಾರು ಅಂತಲೂ ಕೇಳಿದರು. ಮಿಸ್ತ್ರಿ ಅಲ್ಲ, ಫೋರ್‌ಮನ್ ಅಂದೆ. "ಹಂಗಾದ್ರ ಖರೇ ಅದ," ಅಂದು ಕನ್ನಡಕ ಏರಿಸಿಕೊಂಡರು.

ಬಸ್ಸಿನಲ್ಲಿ ಕೂತು ಪುಸ್ತಕ ತೆರೆದು ನೋಡಿದೆ. ಸಾಹೇಬರು ಬಂದ ದಿನ, ರೆಕ್ಟಿಫಾಯರ್ ಸತ್ತ ದಿನ. ಬಂದ ದಿನ, ಸತ್ತ ದಿನ. ನಡುವಿನ ಅಷ್ಟು ದಿನ ಕಾಕಾ ಒಬ್ಬನೇ ನಡೆಸಿದ್ದ, ಒಂದು ಬಲ್ಬೂ ಸುಟ್ಟಿರಲಿಲ್ಲ. ಬೋಟಿನವನನ್ನು ಹಿಡಿಯಲು ಅವರೇ ಬರೆಸಿದ ಪುಸ್ತಕ ಅದು.

ಆದರೆ ಅಷ್ಟರಲ್ಲಿ ಅವರ ವರದಿ ಬಂದುಬಿಟ್ಟಿತ್ತು. ಟೇಬಲ್ಲಿನ ಮೇಲೆ ಪೇಪರ್‌ವೇಟಿನ ಕೆಳಗಿತ್ತು. "ಚಾಲಕನು ಇಂಜಿನ್ನನ್ನು ಅತಿವೇಗದಲ್ಲಿ ಓಡಿಸುವುದರಿಂದ ಚಾರ್ಜಿಂಗ್ ವೋಲ್ಟೇಜು ಏರಿ ಇಲಾಖೆಯ ಬಿಡಿಭಾಗಗಳಿಗೆ ಪದೇಪದೇ ಹಾನಿಯಾಗಿರುತ್ತದೆ." ಈ ಒಂದು ಸಾಲು ಪಟ್ಟಿಯ ಜೊತೆ ಹೋದರೆ ಆರನೆಯ ಹೆಸರು ಹೋದಂತೆಯೇ.

ನಮ್ಮ ಉಪವಿಭಾಗದ ಇಂಜಿನಿಯರು ಅಂಜುಬುರುಕರು, ಕೆಟ್ಟವರಲ್ಲ. ಪುಸ್ತಕ ತೋರಿಸಿದೆ. ಎರಡು ಸಲ ಓದಿದರು. ಸಾಹೇಬರು ನಿವೃತ್ತಿಗೆ ಬಂದಿದ್ದಾರೆ, ಮೇಲಿನವರಿಗೆ ಬೇಕಾದವರು, ಈಗ ಯಾಕೆ ಅಂತ ಗೊಣಗಿದರು. ನಾನು ಎದ್ದು ಹೋಗಲಿಲ್ಲ. ಹೆಣ್ಣುಮಗಳು ಬಾಯಿ ಮುಚ್ಚಿಕೊಂಡು ಎದುರಿಗೆ ಕೂತರೆ ಕೆಲವು ಗಂಡಸರಿಗೆ ತಡೆಯುವುದಿಲ್ಲ. ಕಡೆಗೆ, ಪಟ್ಟಿ ಕಳಿಸುವ ಮುಂಚೆ ಎಲ್ಲರೆದುರು ಒಮ್ಮೆ ಪರೀಕ್ಷೆ ಆಗಲಿ ಅಂತ ಬರೆದರು.

ಆ ದಿನ ಕೆರೆಯ ಮೆಟ್ಟಿಲ ಮೇಲೆ ಒಂದು ಹದಿನೈದು ಜನ. ಮೂರನೆಯ ರೆಕ್ಟಿಫಾಯರ್ ಹಾಕಿಯಾಗಿತ್ತು. ಕಾಕಾ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಮೊದಲು ಅವನು ಬೋಟು ನಡೆಸಿದ, ಇಂಜಿನಿಯರು ಪಕ್ಕದಲ್ಲಿ ಕೂತು ಮೀಟರು ನೋಡಿದರು. ಅರಿವೆ ಇಲ್ಲದೆ ಒಂದು ಸುತ್ತು: ಮೋಟರು ಅರಚಿತು, ಮುಳ್ಳು ಸ್ವಲ್ಪ ಏರಿತು. ಅರಿವೆ ಸುತ್ತಿ ಒಂದು ಸುತ್ತು: ಮೋಟರು ಮೆತ್ತಗಾಯಿತು, ಮುಳ್ಳು ಇರಬೇಕಾದಲ್ಲಿ ಇತ್ತು. ಇಂಜಿನಿಯರು ಇಳಿದು ಬಂದು, ಸರಿ ಅದ ಅಲ್ರಿ, ಗಾಳಿ ಎಳೆಯಾಕತ್ತದ ಅಷ್ಟೇ, ಅಂದರು. ಕಾಕಾ ಬೋಟಿನಿಂದ ಇಳಿದು ಮೇಲಿನ ಮೆಟ್ಟಿಲಿಗೆ ಹೋಗಿ ನಿಂತ. ಮೋಟರು ನೀರಿನಲ್ಲಿ ತಣ್ಣಗೆ ತಿರುಗುತ್ತಿತ್ತು.

ಅಲ್ಲಿಗೆ ಬಿಡಬಹುದಿತ್ತು. ಸಾಹೇಬರು ಬಿಡಲಿಲ್ಲ. ಅರಿವೆಯ ಮುಂದೆ ಸೋಲುವುದು ಅವರ ಕೈಲಾಗಲಿಲ್ಲ.

"ತಡೀರಿ ಸರ್. ಖರೇ ಚಾರ್ಜಿಂಗ್ ಎಷ್ಟದ ಅಂತ ನಾ ತೋರಸ್ತೇನಿ."

ಬೂಟು ಬಿಚ್ಚಿ, ಪ್ಯಾಂಟು ಮಡಚಿ ಬೋಟಿಗೆ ಇಳಿದರು. ವೈರು ಕೀಳಬೇಡಿ ಅಂತ ನಾನು ಹೇಳಲಿಲ್ಲ. ಕೀಳಲಿ ಅಂತಲೇ ನಿಂತಿದ್ದೆ. ಕೈಹಿಡಿ ಒಂದಿಷ್ಟು ತಿರುಗಿಸಿ, ವೈರು ಕಿತ್ತು, ಎಂದಿನಂತೆ ಮೇಲೆತ್ತಿ ಜನರ ಕಡೆ ತಿರುಗಿದರು. ಅವರ ಬೆನ್ನ ಹಿಂದೆ ಮೀಟರಿನ ಮುಳ್ಳು ಒಂದೇ ಏಟಿಗೆ ಕೊನೆಯ ಗೆರೆಗೆ ಬಡಿದು ನಿಂತಿತು. ಮುಂದಿನ ದೀಪ ಹಗಲಿನಲ್ಲೂ ಕಣ್ಣು ಕುಕ್ಕುವ ಹಾಗೆ ಬೆಳಗಿ ಪಟ್ಟಂತ ಆರಿತು. ಸುಟ್ಟ ರಬ್ಬರಿನ ವಾಸನೆ ಮೆಟ್ಟಿಲತನಕ ಬಂತು. ಎಲ್ಲರೂ ನೋಡಿದರು. ಸಾಹೇಬರೊಬ್ಬರು ನೋಡಲಿಲ್ಲ, ಅವರು ನಮ್ಮನ್ನು ನೋಡುತ್ತಿದ್ದರು.

ಡ್ರೈವರು ಕೆಮ್ಮಿದ. ಸಾಹೇಬರು ತಿರುಗಿ ದೀಪ ನೋಡಿದರು, ಹೊಗೆ ನೋಡಿದರು. ಬಳಿಕ ಅಭ್ಯಾಸಬಲದಿಂದ, "ಏನ್ ಮಾಡಿದ್ಯೋ?" ಅಂತ ಕಾಕಾನನ್ನು ಕೇಳಿದರು. ಕಾಕಾ ಹದಿನೈದು ಮೆಟ್ಟಿಲು ಮೇಲೆ ಕೈ ಕಟ್ಟಿಕೊಂಡು ನಿಂತಿದ್ದ.

ಇಂಜಿನಿಯರು ಸಾಹೇಬರಿಗೆ ವರದಿ ಬದಲಿಸಿ ಕೊಡಿ ಅಂತ ಮೆಲ್ಲಗೆ ಹೇಳಿ ಜೀಪು ಹತ್ತಿದರು. ನನಗೆ ಅವತ್ತು ಬಸ್ಸಿನಲ್ಲಿ ಬಹಳ ಹಸಿವಾಯಿತು. ಇಳಿದವಳೇ ಸೂಪರ್ ಮಾರ್ಕೆಟ್ ಬೀದಿಯ ಬಂಡಿಯ ಮುಂದೆ ನಿಂತು ಒಬ್ಬಳೇ ಎರಡು ಪ್ಲೇಟು ಮಿರ್ಚಿ ಭಜಿ ತಿಂದೆ.

ಸಾಹೇಬರು ವರದಿ ಬದಲಿಸಿಯೇ ಕೊಟ್ಟರು. ಮಾತಿಗೆ ತಪ್ಪುವವರಲ್ಲ. ಹೊಸ ವರದಿಯಲ್ಲಿ ಕಾಕಾನ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. "ಚಾಲಕನ ತಪ್ಪು ಇರುವುದಿಲ್ಲ," ಅಂತ ಅಡಿಗೆರೆ ಹಾಕಿ ಬರೆದಿದ್ದರು. ಅದರ ಕೆಳಗಿನ ಸಾಲು: ಮೋಟರು ಹಳೆಯದಾಗಿದ್ದು, ವೇಗವೂ ವೋಲ್ಟೇಜೂ ಹತೋಟಿಗೆ ಬರುವಂತಿಲ್ಲ, ಇನ್ನು ಉಪಯೋಗಕ್ಕಿಲ್ಲ, ಗುಜರಿಗೆ ಹಾಕಬಹುದು. ತಪ್ಪು ತಮ್ಮದಲ್ಲ ಅಂತ ಮಾಡಲು ಅವರಿಗೆ ಇನ್ನೊಬ್ಬ ಅಪರಾಧಿ ಬೇಕಾಗಿತ್ತು. ಮನುಷ್ಯ ತಪ್ಪಿಸಿಕೊಂಡ, ಮೋಟರು ಸಿಕ್ಕಿತು.

ಆ ವರದಿ ಮೇಲೆ ಹೋಯಿತು. ಮೇಲಿನವರು ವರದಿ, ಪಟ್ಟಿ ಎರಡೂ ಕಾಗದ ಒಟ್ಟಿಗೆ ಇಟ್ಟುಕೊಂಡು ನೋಡಿದರು. ಒಂದರಲ್ಲಿ ಮೋಟರು ಇಲ್ಲ, ಇನ್ನೊಂದರಲ್ಲಿ ಮೋಟರ್ ಬೋಟ್ ಚಾಲಕನ ಹುದ್ದೆ. ಮೋಟರೇ ಇಲ್ಲದ ಮೇಲೆ ಚಾಲಕ ಯಾಕೆ? ಎಂಟು ಹೆಸರಿನ ಪಟ್ಟಿ ಏಳಾಗಿ ತಿರುಗಿ ಬಂತು. ಆರನೆಯದರ ಮೇಲೆ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ: ಹುದ್ದೆ ಅವಶ್ಯವಿಲ್ಲ. ಈ ತಿಂಗಳ ಕೊನೆಯಿಂದ ದಿನಗೂಲಿಯೂ ನಿಲ್ಲಿಸತಕ್ಕದ್ದು.

ಆ ಕಾಗದವನ್ನು ಕಾಕಾನಿಗೆ ಓದಿ ಹೇಳಬೇಕಾದವಳು ನಾನು. ಓದಿದೆ. ಅವನು ಬಾಗಿಲಿಗೆ ಒರಗಿ ಕೇಳಿದ. ತಪ್ಪಿಲ್ಲ ಅಂತ ಬರೆದದ್ದು ಖರೇನೇನ್ರಿ ಅಂತ ಕೇಳಿದ. ಖರೇ ಅಂದೆ. ಹಂಗಾದ್ರ ಯಾಕ ತೆಗದ್ರು ಅಂತ ಕೇಳಿದ. ನಾನು ಮತ್ತೆ ಮೊದಲಿನಿಂದ ಓದಿದೆ. ಎರಡನೆಯ ಸಲವೂ ಅದೇ ಇತ್ತು.

ಮೋಟರನ್ನು ವರ್ಕ್‌ಶಾಪಿಗೆ ಒಪ್ಪಿಸುವ ದಿನ ಸಾಹೇಬರೇ ಜೀಪು ತಂದರು. ಅದು ಅವರ ನೌಕರಿಯ ಕಡೆಯ ವಾರ. ಜೀಪಿನಲ್ಲಿ ಪೇಢೆಯ ಡಬ್ಬಿ ಇತ್ತು. ಎಲ್ಲರಿಗೂ ಹಂಚಿದರು. ಕಾಕಾನಿಗೆ ಮಾತ್ರ ಎರಡು, ಕಾಗದದಲ್ಲಿ ಇಟ್ಟು, ಮೇಲಿನಿಂದ ಕೈಗೆ ಬಿಟ್ಟರು. "ಬೇಜಾರ ಮಾಡ್ಕೋಬ್ಯಾಡಪಾ. ನಿನ್ನ ತಪ್ಪಿಲ್ಲ ಅಂತ ಸಾಫ್ ಬರದೀನಿ. ಬೇರೇದವರಾಗಿದ್ರ ಬರೀತಿದ್ದಿಲ್ಲ," ಅಂದರು. ಹುಡುಕಿದರೂ ಅವರ ಮುಖದಲ್ಲಿ ಕಪಟ ಕಾಣಲಿಲ್ಲ. ಒಬ್ಬ ಬಡವನಿಗೆ ಉಪಕಾರ ಮಾಡಿದೆನೆಂದು ಅವರು ಮನಸಾರೆ ನಂಬಿದ್ದರು. ಅವರ ಬಗ್ಗೆ ನನಗೆ ಇದ್ದ ಅಸಹ್ಯ ಗಟ್ಟಿಯಾದದ್ದು ಅಲ್ಲೇ. ಬೇಕೆಂದೇ ಮಾಡಿದ್ದರೆ ಅಷ್ಟಾಗುತ್ತಿರಲಿಲ್ಲ. ಬುದ್ಧಿಯನ್ನಾದರೂ ಖರ್ಚು ಮಾಡಿದ್ದಾರೆ ಅಂತ ಲೆಕ್ಕಕ್ಕೆ ಹಿಡಿಯುತ್ತಿದ್ದೆ.

ಒಪ್ಪಿಸುವುದಕ್ಕೆ ಒಂದು ಫಾರಂ ಇತ್ತು. ಸಾಮಾನಿನ ಹೆಸರು, ನಂಬರು, ಸ್ಥಿತಿ, ಒಪ್ಪಿಸಿದವರು, ಪರೀಕ್ಷಿಸಿ ಪಡೆದವರು. ನಾನು ಸಾಹೇಬರಿಂದ ಸ್ವಲ್ಪ ಆಚೆ, ಮೆಟ್ಟಿಲ ಮೇಲೆ ಕೂತು ತುಂಬುತ್ತಿದ್ದೆ. ಕಾಕಾ ಬಂದು ಪಕ್ಕದಲ್ಲಿ ಬಗ್ಗಿ ನಿಂತ.

"ಸ್ಥಿತಿ ಅಂತ ಅದಲ್ರಿ, ಅಲ್ಲಿ ಏನ್ ಬರೀತೀರಿ?"

"ಕೆಟ್ಟದ ಅಂತ ಬರೀಬೇಕು ಕಾಕಾ."

"ನಡೀತದಲ್ರಿ ಅದು."

ಬೋಟಿಗೆ ಇಳಿದು ಹಗ್ಗ ಜಗ್ಗಿದ. ಒಂದೇ ಜಗ್ಗಿಗೆ ಮೋಟರು ಹಿಡಿಯಿತು. ಅರಿವೆ ಸುತ್ತಿರಲಿಲ್ಲ. ಕೈಹಿಡಿ ಹಿಂದಕ್ಕೆ ತಿರುಗಿಸಿದ. ವೇಗ ಇಳಿದು, ತೊಟ್ಟಿಲಲ್ಲಿ ಮಲಗಿದ ಕೂಸಿನ ಉಸಿರಿನಂತೆ ಸಣ್ಣಗೆ ಒಂದೇ ಸಮ ತಿರುಗಿತು. ಗೆರೆ ಬಿದ್ದ ಹೆಸರಿಗೆ ಇನ್ನು ಅಂಜಿಕೆ ಏನು? ಹಿಂದಿನ ದಿನ ಕಾರ್ಬೊರೇಟರು ಬಿಚ್ಚಿ, ಮಗಳ ನೋಟ್‌ಬುಕ್ಕಿನ ರಟ್ಟು ಕತ್ತರಿಸಿ, ಸಾಬೂನು ಸವರಿ ಬುಡಕ್ಕೆ ಹೊಸ ಪಟ್ಟಿ ಹಾಕಿದ್ದ. ಎರಡು ತಿಂಗಳ ರೋಗಕ್ಕೆ ಅಷ್ಟೇ ಔಷಧಿ. ಸಾಹೇಬರು ಜೀಪಿನ ನೆರಳಿನಲ್ಲಿ ಡ್ರೈವರನ ಜೊತೆ ತಮ್ಮ ಬೀಳ್ಕೊಡುಗೆಯ ಊಟದ ಮಾತಿನಲ್ಲಿದ್ದರು. ಮೋಟರಿನ ಸಪ್ಪಳ ಅವರಿಗೆ ಕೇಳಿಸಿರಬೇಕು. ತಲೆ ವಾಲಿಸಲಿಲ್ಲ.

ಸ್ಥಿತಿ ಅನ್ನುವ ಕಡೆ ನಾನು ಬರೆದೆ: ಚಾಲೂ ಇದೆ, ವೇಗ ಹತೋಟಿಯಲ್ಲಿದೆ, ಉತ್ತಮ. ಒಪ್ಪಿಸಿದವರು ಅನ್ನುವ ಕಡೆ ಕಾಕಾ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದ. ಫಾರಂ ತೆಗೆದುಕೊಂಡು ಹೋಗಿ ಸಾಹೇಬರ ಮುಂದೆ ಹಿಡಿದೆ. ಬಾನೆಟ್ಟಿನ ಮೇಲಿಟ್ಟು, ಪೇಢೆಯ ಕೈಯನ್ನು ಕರ್ಚೀಫಿಗೆ ಒರೆಸಿ, "ಎಲ್ಲಿ?" ಅಂದರು. ಬೆರಳು ತೋರಿಸಿದೆ. ಉದ್ದನೆಯ ಬಾಲದ ಸಹಿ ಹಾಕಿ, ಕೆಳಗೆ ಎರಡು ಚುಕ್ಕೆ ಇಟ್ಟು ಕೊಟ್ಟರು.

ಮೋಟರನ್ನು ಬೋಟಿನಿಂದ ಬಿಚ್ಚಿ, ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿ ಜೀಪಿನಲ್ಲಿ ಮಲಗಿಸಿದವನೂ ಕಾಕಾನೇ. ಬೇರೆ ಯಾರಿಗೂ ಅದನ್ನು ಎತ್ತುವ ರೀತಿ ಗೊತ್ತಿರಲಿಲ್ಲ. ಕೈ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿ, "ನಾಳಿಂದ ಬರೂದು ಬ್ಯಾಡೇನ್ರಿ ಅಕ್ಕಾರ?" ಅಂತ ಕೇಳಿದ. ತಿಂಗಳು ಮುಗಿಯಲು ಇನ್ನೂ ನಾಲ್ಕು ದಿನವಿತ್ತು. ಸಾಹೇಬರು ಜೀಪಿನೊಳಗಿಂದಲೇ, ಬಂದು ಏನ್ ಮಾಡ್ತಿ, ಮನ್ಯಾಗ ಆರಾಮ ಇರು, ಅಂದರು. ಜೀಪು ಹೋಯಿತು.

ಆ ಫಾರಮ್ಮಿನ ನಕಲು ಕಮಲಾಪುರದ ಫೈಲಿನಲ್ಲಿ ಈಗಲೂ ಇರಬೇಕು. ಮೋಟರು ಉತ್ತಮ ಸ್ಥಿತಿಯಲ್ಲಿದೆ, ಪರೀಕ್ಷಿಸಿ ಪಡೆದಿದ್ದೇನೆ, ಕೆಳಗೆ ಸಹಿ, ಎರಡು ಚುಕ್ಕೆ. ನಾನು ನೋಡಿದ ಅವರ ಕಾಗದಗಳಲ್ಲಿ ಪೂರ್ತಿ ನಿಜವಾದದ್ದು ಅದೊಂದೇ. ಅದನ್ನು ಅವರು ಓದಿರಲಿಲ್ಲ.